ನಮ್ಮ ತಾಯಂದಿರ ಎಲುಬು

ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಸದಸ್ಯರ ಮನೆಯ ನಿಧನವಾರ್ತೆಗಳು ಅಚ್ಚಾಗುತ್ತವೆ. ಅವುಗಳಲ್ಲಿ ಒಂದು ವಾಕ್ಯ ಎಷ್ಟೋ ಸಾರಿ ಬಂದಿದೆ. ಮನೆಯಲ್ಲಿ ಕಾಲು ಜಾರಿ ಬಿದ್ದು ಕೆಲಕಾಲದಿಂದ ಹಾಸಿಗೆ ಹಿಡಿದಿದ್ದರು ಎಂಬುದೇ ಆ ವಾಕ್ಯ. ಅದನ್ನು ನಾವೇ ಬರೆದಿದ್ದೇವೆ, ನಾವೇ ಕರಡು ತಿದ್ದಿದ್ದೇವೆ. ಬಿದ್ದದ್ದು ಬಚ್ಚಲಲ್ಲಿ, ಹೋದದ್ದು ಜೀವ. ಇವೆರಡರ ನಡುವೆ ಏನಾಯಿತೆಂದು ಒಮ್ಮೆಯೂ ವಿಚಾರಿಸಲಿಲ್ಲ. ವಯಸ್ಸಾಗಿತ್ತು, ಬಿದ್ದರು, ಹೋದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಆ ಸಮಾಧಾನ ತಪ್ಪೆಂದು ಇಂದು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರಿಗೆ ಊರಿನಿಂದ ಫೋನು ಬಂತು. ಮಧ್ಯಾಹ್ನದ ಊಟದ ಗದ್ದಲ, ಅವರು ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದರು. ತಾಯಿಯವರು ಅಂಗಳದ ಪಾಚಿಯ ಮೇಲೆ ಜಾರಿ ಕುಳಿತರಂತೆ, ಏಳಲಾಗಲಿಲ್ಲವಂತೆ. ನೆರೆಯವರು ಎಲುಬು ಕಟ್ಟುವವರನ್ನು ಕರೆಸಿ ಎಣ್ಣೆ ಹಚ್ಚಿಸಿ ಪಟ್ಟಿ ಕಟ್ಟಿಸಿದ್ದರು. ರಜೆ ಸಿಕ್ಕಿ ನಮ್ಮ ಸದಸ್ಯರು ಊರು ತಲುಪಿ ತಾಯಿಯನ್ನು ಆಸ್ಪತ್ರೆಗೆ ಒಯ್ಯುವಾಗ ಹನ್ನೊಂದು ದಿನಗಳು ಕಳೆದಿದ್ದವು. ತೊಡೆಯೆಲುಬು ಸೊಂಟದ ಕೀಲಿನ ಹತ್ತಿರ ಮುರಿದಿತ್ತು. ಎಕ್ಸ್‌ರೇ ನೋಡಿದ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಹಿಂದೆ ಯಾವಾಗಲಾದರೂ ಎಲುಬು ಮುರಿದಿತ್ತೇ?" ಎಂಬುದು. ಮುರಿದಿತ್ತು. ನಾಲ್ಕು ವರ್ಷಗಳ ಹಿಂದೆ ದನಕ್ಕೆ ಹುಲ್ಲು ಹಾಕಲು ಹೋಗಿ ಮುಗ್ಗರಿಸಿ ಕೈ ಊರಿದಾಗ ಮಣಿಕಟ್ಟು ಮುರಿದು, ಆರು ವಾರದಲ್ಲಿ ಕೂಡಿಕೊಂಡಿತ್ತು. ಮನೆಯವರೆಲ್ಲ ಅದನ್ನು ಮರೆತೂ ಬಿಟ್ಟಿದ್ದರು. "ಆಗಲೇ ಪರೀಕ್ಷೆ ಮಾಡಿಸಿ ಔಷಧ ಶುರು ಮಾಡಿದ್ದರೆ ಇದು ತಪ್ಪುವ ಸಂಭವ ಬಹಳವಿತ್ತು" ಎಂದರು ಡಾಕ್ಟರರು. ಇಷ್ಟು ದುಡಿದು ಹಣ ಕಳುಹಿಸಿದ ಮಗನಿಗೆ ಆ ಮಾತು ಹೇಗೆ ತಾಗಿತೆಂಬುದನ್ನು ನಾವು ಬರೆಯಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಅನೇಕರು ಅಂಥ ಮಕ್ಕಳೇ.

ಮಹಡಿಯಿಂದ ಬಿದ್ದರೆ, ಲಾರಿ ಹೊಡೆದರೆ ಯಾರ ಎಲುಬಾದರೂ ಮುರಿಯುತ್ತದೆ. ಆದರೆ ನಿಂತಲ್ಲಿಂದ ನೆಲಕ್ಕೆ ಬಿದ್ದಷ್ಟಕ್ಕೇ ಗಟ್ಟಿ ಎಲುಬು ಮುರಿಯತಕ್ಕದ್ದಲ್ಲ. ಮುರಿದರೆ ಬಿದ್ದದ್ದು ಬರೇ ನೆಪ; ಎಲುಬು ಹತ್ತಿಪ್ಪತ್ತು ವರ್ಷಗಳಿಂದ ಒಳಗೊಳಗೇ ಟೊಳ್ಳಾಗುತ್ತ ಬಂದದ್ದು ನಿಜವಾದ ಕಾರಣ. ಇದಕ್ಕೆ ಡಾಕ್ಟರರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ತೂತುತೂತಾದ ಎಲುಬು ಎಂದು ಆ ಶಬ್ದದ ಅರ್ಥ. ನಮ್ಮ ಜನ 'ಎಲುಬಿನ ಸವೆತ' ಎಂದುಬಿಡುತ್ತಾರೆ. ಆ ಹೆಸರಿನಿಂದ ದೊಡ್ಡ ಗೊಂದಲವೇ ಆಗಿದೆ. ಮೊಣಕಾಲು ಊದುವುದು, ಕುಳಿತರೆ ಏಳಲಾಗದಿರುವುದು, ಚಾಳಿನ ಮೆಟ್ಟಿಲು ಹತ್ತುವಾಗ ನೋಯುವುದು ಕೀಲಿನ ಸವೆತ. ಅದು ಬೇರೆ ಕಾಯಿಲೆ. ಅದು ದಿನವೂ ನೋಯುವುದರಿಂದ ಎಲ್ಲರಿಗೂ ಗೊತ್ತಾಗುತ್ತದೆ. ಎಲುಬು ಟೊಳ್ಳಾಗುವಾಗ ನೋವೇ ಇರುವುದಿಲ್ಲ. ಮುರಿಯುವ ದಿನದವರೆಗೂ ಅದು ಸುಮ್ಮನಿರುತ್ತದೆ.

ಎಲುಬೆಂದರೆ ಕಲ್ಲು ಮರದಂತೆ ಜಡವಸ್ತುವೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಅದು ಜೀವವಿರುವ ಪದಾರ್ಥ. ಅದರೊಳಗೆ ಹಳೆಯದನ್ನು ಕೆಡವುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ನಮ್ಮ ಹೋಟೆಲಿನ ಉಗ್ರಾಣದ ಹಾಗೆಂದು ಹೇಳಬಹುದು. ಹುಟ್ಟಿದಂದಿನಿಂದ ಸುಮಾರು ಮೂವತ್ತು ವಯಸ್ಸಿನವರೆಗೆ ಒಳಗೆ ಬರುವ ಸಾಮಾನು ಹೆಚ್ಚು, ಹೊರಗೆ ಹೋಗುವುದು ಕಡಿಮೆ. ಅಷ್ಟರೊಳಗೆ ಎಷ್ಟು ತುಂಬಿತೋ ಅದೇ ಜೀವಮಾನದ ದಾಸ್ತಾನು. ಆಮೇಲೆ ಗಂಡಸಾಗಲಿ ಹೆಂಗಸಾಗಲಿ, ನಿಧಾನವಾಗಿ ಖರ್ಚೇ ಹೆಚ್ಚು. ಹೆಂಗಸರಲ್ಲಿ ಕೆಡವುವ ಕಣಗಳನ್ನು ಹಿಡಿತದಲ್ಲಿಡುವ ಉಗ್ರಾಣಿಯೊಬ್ಬನಿದ್ದಾನೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜನ್ ಎಂಬ ರಸವೇ ಆ ಉಗ್ರಾಣಿ. ಮುಟ್ಟು ನಿಂತೊಡನೆ ಅವನ ನೌಕರಿ ಮುಗಿಯುತ್ತದೆ, ಬಾಗಿಲು ತೆರೆದೇ ಉಳಿಯುತ್ತದೆ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲೇ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಎಲುಬು ಕರಗಿಹೋಗುವುದುಂಟು. ಅಮೇರಿಕದ ಬೋಸ್ಟನ್ ನಗರದ ಡಾ. ಫುಲ್ಲರ್ ಆಲ್‌ಬ್ರೈಟ್ ಎಂಬವರು ಮುಟ್ಟು ನಿಲ್ಲುವುದಕ್ಕೂ ಎಲುಬು ಟೊಳ್ಳಾಗುವುದಕ್ಕೂ ಇರುವ ಈ ನಂಟನ್ನು 1941ರಷ್ಟು ಹಿಂದೆಯೇ ವಿವರಿಸಿ ಬರೆದಿದ್ದಾರೆ. ಎಂಬತ್ತು ವರ್ಷಗಳು ಕಳೆದರೂ ನಮ್ಮ ಖೋಲಿಗಳಿಗೆ ಆ ಸುದ್ದಿ ಸರಿಯಾಗಿ ಬಂದು ಮುಟ್ಟಲಿಲ್ಲ.

ನಮ್ಮ ಹೆಂಗಸರಿಗೆ ಈ ಕಾಲ ಬೇಗನೆ ಬರುತ್ತದೆಂಬುದೂ ಗಮನಿಸತಕ್ಕ ವಿಷಯ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ರ ಸುಮಾರಿಗೆ ಮುಟ್ಟು ನಿಂತರೆ ನಮ್ಮ ದೇಶದಲ್ಲಿ 46-47ಕ್ಕೇ ನಿಲ್ಲುತ್ತದೆ. ಅದಕ್ಕಿಂತ ಕಳವಳಕಾರಿಯಾದದ್ದು ಇನ್ನೊಂದಿದೆ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಸ್ರಾವ ಎಂದು ಹೋದ ಬಡ ಹೆಂಗಸರಿಗೆ ಮೂವತ್ತು ಮೂವತ್ತೈದರಲ್ಲೇ ಗರ್ಭಕೋಶ ತೆಗೆಸಿಬಿಡಿ ಎಂದು ಹೇಳುವ ಚಾಳಿ ಹಬ್ಬಿದೆ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರು ಹೀಗೆ ಗರ್ಭಕೋಶ ಕಳೆದುಕೊಂಡ ಸಂಗತಿ 2019ರಲ್ಲಿ ಬಯಲಾಗಿ, ಮಹಾರಾಷ್ಟ್ರ ಸರಕಾರ ವಿಚಾರಣೆಗೆ ಸಮಿತಿ ನೇಮಿಸಬೇಕಾಯಿತು. ನಮ್ಮ ಸದಸ್ಯರ ಮನೆಗಳಲ್ಲೂ ಈ ಶಸ್ತ್ರಕ್ರಿಯೆಯಾದವರು ಇಲ್ಲದಿಲ್ಲ. ಅದರ ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಉಗ್ರಾಣಿಯನ್ನು ಒಂದೇ ದಿನದಲ್ಲಿ ಹೊರಗೆ ಹಾಕಿದ ಹಾಗೆ. ಅಂಥ ಹೆಂಗಸಿನ ಎಲುಬಿಗೆ ನಲವತ್ತಕ್ಕೇ ಮುಪ್ಪು ತೊಡಗುತ್ತದೆ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬುದು ಬಹಳ ಜನ ಹೆಂಗಸರಿಗೇ ತಿಳಿದಿಲ್ಲ. ಗಂಡಂದಿರು ಕೇಳಿದವರೂ ಅಲ್ಲ. ಆಸ್ಪತ್ರೆಯ ಕಾಗದ ಮನೆಯಲ್ಲಿದ್ದರೆ ತೆಗೆದು ಡಾಕ್ಟರರಿಗೆ ತೋರಿಸಬೇಕು.

ಇನ್ನು ದಾಸ್ತಾನು ತುಂಬುವ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹಾಕಿದ ಲೆಕ್ಕದಂತೆ ಬೆಳೆದವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸಿಗುವುದು ಹೆಚ್ಚೆಂದರೆ 250. ಅನ್ನದಲ್ಲಿ ಇದ್ದೂ ಇಲ್ಲದ ಹಾಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಬಯಲುಸೀಮೆಯ ನಮ್ಮ ಬಂಧುಗಳು ಮುದ್ದೆ ಬಿಟ್ಟು ಅನ್ನಕ್ಕೆ ಇಳಿದದ್ದನ್ನು ಮುಂಬಯಿಯ ನಾಗರಿಕತೆಯೆಂದು ಭಾವಿಸಿದ್ದರೆ ಅದನ್ನು ಮರುವಿಚಾರ ಮಾಡಬೇಕು. ಇಲ್ಲಿ ಅದೇ ರಾಗಿ ನಾಚಣಿ ಎಂಬ ಹೆಸರಿನಲ್ಲಿ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕರಾವಳಿಯವರು ಎಲುಬು ಸಹಿತ ಅಗಿದು ತಿನ್ನುವ ಸಣ್ಣ ಮೀನು, ಎಳ್ಳು, ನುಗ್ಗೆಸೊಪ್ಪು, ಮೊಸರು ಮಜ್ಜಿಗೆ ಇವು ಒಳ್ಳೆಯವು. ಪಾಲಕಿನಲ್ಲಿ ಸುಣ್ಣದಂಶವಿದ್ದರೂ ಅದು ಮೈಗೆ ಹತ್ತುವುದು ಕಡಿಮೆ.

ಆದರೆ ಪಟ್ಟಿ ಕೊಟ್ಟರೆ ಸಾಲದು. ನಮ್ಮ ಮನೆಗಳಲ್ಲಿ ಹಾಲು ಯಾರ ಲೋಟಕ್ಕೆ ಹೋಗುತ್ತದೆಂಬುದನ್ನೂ ಕೇಳಬೇಕಲ್ಲವೇ? ದಿನಕ್ಕೆ ಐನೂರು ಲೋಟ ಕಾಫಿಗೆ ಹಾಲು ಕಾಯಿಸುವವನ ತಾಯಿ ಊರಿನಲ್ಲಿ ಹಾಲಿಲ್ಲದ ಕಣ್ಣು ಚಹಾ ಕುಡಿಯುತ್ತಾರೆ. ಡೇರಿಗೆ ಹಾಲು ಹಾಕಿ ಉಳಿದದ್ದು ಮೊಮ್ಮಕ್ಕಳಿಗೆ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದು ಅವರಿಗೆ. ಹೆರುವಾಗ, ಮೊಲೆಯೂಡಿಸುವಾಗ ಮಗುವಿಗೆ ಬೇಕಾದ ಸುಣ್ಣದಂಶ ತಾಯಿಯ ಮೈಯಿಂದಲೇ ಹೋಗುತ್ತದೆ. ಸರಿಯಾದ ಊಟವಿದ್ದರೆ ಆಮೇಲೆ ಅದು ತುಂಬಿಬರುತ್ತದೆ. ನಮ್ಮ ತಾಯಂದಿರಿಗೆ ಅಂಥ ಊಟ ಎಷ್ಟು ಮಂದಿಗೆ ಸಿಕ್ಕಿತ್ತು?

ತಿಂದ ಸುಣ್ಣದಂಶ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಅದು ಬಿಸಿಲು ಚರ್ಮಕ್ಕೆ ತಾಗಿದಾಗ ಮೈಯಲ್ಲೇ ಹುಟ್ಟುತ್ತದೆ. ಬೆಳಗಿನ ಎಳೆಬಿಸಿಲಿಗಿಂತ ಹನ್ನೊಂದರಿಂದ ಮೂರು ಗಂಟೆಯೊಳಗಿನ ಬಿಸಿಲಿನಲ್ಲಿ ಈ ಗುಣ ಹೆಚ್ಚು. ಗಾಜಿನ ಕಿಟಕಿಯ ಒಳಗಿನಿಂದ ಕಾಯಿಸಿಕೊಂಡರೆ ಪ್ರಯೋಜನವಿಲ್ಲ. ನಮ್ಮ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಇಷ್ಟು ಸೂರ್ಯನಿರುವ ದೇಶದಲ್ಲಿ ಈ ಕೊರತೆ ಮನೆಮನೆಯಲ್ಲೂ ಇದೆಯೆಂದರೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಬದುಕನ್ನೇ ನೋಡಿರಿ. ಬೆಳಗಿನ ಐದಕ್ಕೆ ಅಡಿಗೆಮನೆ ಸೇರಿದ ಭಟ್ಟರು ರಾತ್ರಿ ಹನ್ನೊಂದಕ್ಕೆ ಹೊರಗೆ ಬಂದರೆ ಕಾಣುವುದು ಬೀದಿಯ ದೀಪ. ಹೆಂಡತಿ ಹತ್ತಡಿ ಖೋಲಿಯಲ್ಲಿ. ಚಾಳುಗಳನ್ನು ಕೆಡವಿ ಕಟ್ಟಿದ ಗೋಪುರಗಳಲ್ಲಿ ಈಗ ಆ ಓಣಿಯ ಬಿಸಿಲೂ ಇಲ್ಲ.

ಇದೆಲ್ಲ ಹೆಂಗಸರ ಸಂಗತಿ, ನಮಗೇನು ಎಂದು ಗಂಡಸರು ಪುಟ ತಿರುವಬಾರದು. ಐವತ್ತು ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ ಮುಂದಿನ ಆಯುಷ್ಯದಲ್ಲಿ ಹೀಗೆ ಎಲುಬು ಮುರಿಯುವುದಾದರೆ ಐವರು ಗಂಡಸರಲ್ಲಿ ಒಬ್ಬನಿಗೂ ಮುರಿಯುತ್ತದೆಂದು ಜಗತ್ತಿನ ಲೆಕ್ಕವಿದೆ. ಬೀಡಿ ಸಿಗರೇಟು, ಕುಡಿತ ಇವೆರಡೂ ಎಲುಬಿಗೆ ಶತ್ರುಗಳು. 1982ರ ಜನವರಿ 18ರಂದು ಮುಷ್ಕರ ಹೂಡಿದ ಎರಡೂವರೆ ಲಕ್ಷ ಗಿರಣಿ ಕಾಮಗಾರರಲ್ಲಿ ಅಂದು ಮೂವತ್ತರ ಪ್ರಾಯದವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಗಿರಣಿಗಳು ಹೋದವು; ಅವರ ಎಲುಬಿಗೂ ಈಗ ಆ ವಯಸ್ಸು ಬಂದಿದೆ. ದಮ್ಮಿಗೆಂದೋ ಸಂದುನೋವಿಗೆಂದೋ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಂತೂ ಎಲುಬು ಬೇಗನೆ ಟೊಳ್ಳಾಗುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ 'ಒಂದೇ ದಿನದಲ್ಲಿ ನೋವು ಮಾಯ' ಎಂದು ಮಾರುವ ಪುಡಿಗಳಲ್ಲಿ ಇದೇ ಸ್ಟೀರಾಯ್ಡ್ ಬೆರೆಸಿರುವುದುಂಟು. ಆದರೂ ಹಾಗೆಂದು ಹೆದರಿ, ಡಾಕ್ಟರರು ಕೊಟ್ಟ ಸ್ಟೀರಾಯ್ಡನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಅದೂ ಪ್ರಾಣಕ್ಕೆ ಅಪಾಯ.

ಎಲುಬು ಟೊಳ್ಳಾಗಿದೆಯೆಂದು ತಿಳಿಯುವುದು ಹೇಗೆ? ಸಾಮಾನ್ಯ ಎಕ್ಸ್‌ರೇಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಕರಗುವವರೆಗೂ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕಾಗಿ ಡೆಕ್ಸಾ ಎಂಬ ಬೇರೆ ಪರೀಕ್ಷೆಯಿದೆ. ಮೇಜಿನ ಮೇಲೆ ಹತ್ತು ನಿಮಿಷ ಮಲಗಿದರೆ ಸಾಕು, ನೋವಿಲ್ಲ, ಸೂಜಿಯಿಲ್ಲ. ಅದರ ಅಂಕೆ ಮೈನಸ್ ಎರಡೂವರೆಯೋ ಅದಕ್ಕಿಂತ ಕೆಳಗೋ ಇದ್ದರೆ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿತು. 65 ದಾಟಿದ ಹೆಂಗಸರು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಬೇಗ ಮುಟ್ಟು ನಿಂತವರು, ತೀರ ಬಡಕಲಾದವರು, ತಾಯಿಗೋ ತಂದೆಗೋ ಸೊಂಟ ಮುರಿದಿದ್ದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಅಷ್ಟು ವರ್ಷ ಕಾಯತಕ್ಕದ್ದಲ್ಲ. ಡೆಕ್ಸಾ ಯಂತ್ರವಿಲ್ಲದ ಊರಿನಲ್ಲಿಯೂ ವಯಸ್ಸು, ತೂಕ, ಹಿಂದಿನ ಮುರಿತ ಮುಂತಾದವನ್ನು ಕೇಳಿ ಫ್ರ್ಯಾಕ್ಸ್ ಎಂಬ ಲೆಕ್ಕದಿಂದ ಡಾಕ್ಟರರು ಅಪಾಯವನ್ನು ಅಂದಾಜು ಮಾಡಬಲ್ಲರು. ಮನೆಯಲ್ಲೇ ನೋಡಬಹುದಾದ ಗುರುತುಗಳೂ ಇವೆ. ತಾಯಿ ಮೊದಲಿಗಿಂತ ಕುಳ್ಳಗಾಗಿದ್ದಾರೆಯೇ? ನಾಗಂದಿಗೆಯ ಡಬ್ಬಿ ಈಗ ಕೈಗೆ ಎಟಕುವುದಿಲ್ಲವೇ? ಬೆನ್ನು ಗೂನಾಗಿದೆಯೇ? ಅದು ವಯಸ್ಸಿನ ಬಾಗು ಮಾತ್ರವಲ್ಲ. ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಸದ್ದಿಲ್ಲದೆ ಕುಸಿದಿರಬಹುದು.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ. 'ಉಚಿತ ಎಲುಬು ತಪಾಸಣೆ' ಎಂದು ಬ್ಯಾನರು ಕಟ್ಟಿ, ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು, ಎಲ್ಲರಿಗೂ ಕೆಂಪು ಅಂಕೆ ತೋರಿಸಿ, ಪಕ್ಕದ ಮೇಜಿನಲ್ಲಿ ಟಾನಿಕ್ ಮಾರುವ ಶಿಬಿರಗಳು ಅಲ್ಲಲ್ಲಿ ನಡೆಯುತ್ತವೆ. ನಮ್ಮ ಸಂಘಕ್ಕೂ ಅಂಥ ಆಮಂತ್ರಣ ಬಂದದ್ದುಂಟು. ಹಿಮ್ಮಡಿಯ ಯಂತ್ರ ಡೆಕ್ಸಾ ಅಲ್ಲ, ಅದನ್ನು ನೋಡಿ ಔಷಧ ಶುರು ಮಾಡತಕ್ಕದ್ದೂ ಅಲ್ಲ. ಕ್ಯಾಲ್ಸಿಯಂ ಮಾತ್ರೆ ಊಟದ ಕೊರತೆಯನ್ನು ತುಂಬೀತು. ಟೊಳ್ಳಾದ ಎಲುಬಿಗೆ ಅದೊಂದೇ ಚಿಕಿತ್ಸೆಯಾಗದು. ಅರುವತ್ತು ಸಾವಿರ ಅಂಕೆಯ ಡಿ ಜೀವಸತ್ವದ ಪೊಟ್ಟಣವನ್ನು ಡಾಕ್ಟರರು ಎಂಟು ವಾರಕ್ಕೆ ಬರೆದುಕೊಟ್ಟರೆ ನಮ್ಮವರು ಅದೇ ಚೀಟಿ ತೋರಿಸಿ ಎರಡು ವರ್ಷ ಕುಡಿಯುತ್ತಾರೆ. ಅತಿಯಾದರೆ ಅದೂ ವಿಷವೇ.

ನಿಜವಾದ ಔಷಧಗಳು ಬೇರೆ ಇವೆ, ಅವು ಈಗ ನಮ್ಮ ದೇಶದಲ್ಲೂ ದೊರೆಯುತ್ತವೆ. ಕೆಡವುವ ಕಣಗಳ ಕೈ ಹಿಡಿಯುವ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಬರೇ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಕುಳಿತೋ ನಿಂತೋ ಇರಬೇಕು. ಅಷ್ಟು ಹೊತ್ತು ಕಾಫಿಯೂ ಇಲ್ಲ, ಚಹವೂ ಇಲ್ಲ. ಹೋಟೆಲಿನವರಾದ ನಮಗೆ ಇದು ಕಠಿಣ ಶಿಕ್ಷೆಯೇ ಸರಿ, ಆದರೆ ವಾರಕ್ಕೆ ಒಂದೇ ದಿನ. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಔಷಧವಿದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಇನ್ನೊಂದು ಇಂಜೆಕ್ಷನ್ ಇದೆ. ಅದನ್ನು ನಡುವೆ ತಪ್ಪಿಸಿದರೆ ಕರಗುವಿಕೆ ಮತ್ತೆ ರಭಸದಿಂದ ಶುರುವಾಗುತ್ತದೆ. ಹಲ್ಲು ಕೀಳಿಸುವ ಮುನ್ನ ಈ ಔಷಧಗಳ ವಿಷಯ ದಂತವೈದ್ಯರಿಗೆ ತಿಳಿಸಬೇಕು. ಈಸ್ಟ್ರೊಜನನ್ನೇ ಮಾತ್ರೆಯಾಗಿ ಕೊಡುವ ಪದ್ಧತಿಯೂ ಇತ್ತು, ಈಗಲೂ ಕೆಲವರಿಗೆ ಕೊಡುತ್ತಾರೆ. ಅದು ಎಲುಬು ಕಾಯುತ್ತದೆ. ಆದರೆ ಅದರ ಒಂದು ಬಗೆಯಿಂದ ಸ್ತನ ಕ್ಯಾನ್ಸರಿನ ಭಯ ಹೆಚ್ಚುತ್ತದೆಂದು 2002ರಲ್ಲಿ ಅಮೇರಿಕದ ದೊಡ್ಡದೊಂದು ಅಧ್ಯಯನದಿಂದ ಕಂಡುಬಂದ ಮೇಲೆ ಯಾರಿಗೆ ಕೊಡಬೇಕೆಂಬುದನ್ನು ಡಾಕ್ಟರರು ಬಹಳ ನೋಡಿ ನಿರ್ಧರಿಸುತ್ತಾರೆ.

ಎಲುಬು ಕಟ್ಟುವವರ ವಿದ್ಯೆಯನ್ನು ನಾವು ಹಳಿಯುತ್ತಿಲ್ಲ. ಎಷ್ಟೋ ಕೈಕಾಲುಗಳನ್ನು ಅವರು ಕೂಡಿಸಿದ್ದಾರೆ. ಆದರೆ ಸೊಂಟದ ಬಳಿಯ ಮುರಿತ ಪಟ್ಟಿಯಿಂದ ಕೂಡುವಂಥದಲ್ಲ. ಒಂದೆರಡು ದಿನಗಳೊಳಗೆ ಶಸ್ತ್ರಕ್ರಿಯೆ ಮಾಡಿ ಎದ್ದು ನಿಲ್ಲಿಸಬೇಕು. ಹಾಸಿಗೆಯಲ್ಲೇ ಉಳಿದರೆ ಬೆನ್ನಿನ ಹುಣ್ಣು, ಪುಪ್ಪುಸದಲ್ಲಿ ಕಫ, ಕಾಲಿನ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಸೊಂಟ ಮುರಿದ ಮುದುಕರಲ್ಲಿ ಐವರಲ್ಲೊಬ್ಬರಷ್ಟು ಮಂದಿ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಆ ಹನ್ನೊಂದು ದಿನಗಳ ಬೆಲೆ ಇದು. ಮಗ ಬರುವ ತನಕ ಕಾಯಿರಿ ಎಂದು ಮುಂಬಯಿಯಿಂದ ಯಾರೂ ಫೋನಿನಲ್ಲಿ ಹೇಳಕೂಡದು.

ಬೀಳದಂತೆ ನೋಡಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಊರಿನ ಅಂಗಳದ ಪಾಚಿ ಕೆರೆಸುವುದು, ಬಚ್ಚಲಿಗೆ ಒಂದು ಹಿಡಿಕೆ, ರಾತ್ರಿ ಎದ್ದು ಹೋಗುವ ದಾರಿಗೊಂದು ದೀಪ, ಖೋಲಿಯ ಮೋರಿಯ ಮುಂದೆ ಒದ್ದೆಯಾಗದ ಒರಟು ಚಾಪೆ, ಕಣ್ಣಿನ ಪೊರೆ ತೆಗೆಸುವುದು. ಮತ್ತೆ ನಡಿಗೆ. ಭಾರ ಹೊತ್ತ ಎಲುಬು ಗಟ್ಟಿಯಾಗುತ್ತದೆ, ಕುಳಿತ ಎಲುಬು ಕರಗುತ್ತದೆ. ಇಷ್ಟು ವರ್ಷ ದುಡಿದಿರಿ, ಇನ್ನು ಕುಳಿತಲ್ಲೇ ಕುಳಿತಿರಿ ಎಂದು ತಾಯಿಗೆ ಹೇಳುವುದು ಪ್ರೀತಿಯ ಮಾತೇ. ಆದರೆ ಅವರ ಎಲುಬಿಗೆ ಒಳ್ಳೆಯದಲ್ಲ. ಬೆನ್ನೆಲುಬು ಕುಸಿದವರು ಮಾತ್ರ ಬಗ್ಗಿ ಕೊಡ ಎತ್ತಬಾರದು.

ಖರ್ಚಿನ ಪ್ರಶ್ನೆ ಉಳಿಯಿತು. ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಇರುವುದು ದುಡಿಯುವವನಿಗೆ ಮಾತ್ರವಲ್ಲ. ಹೆಂಡತಿ ಮಕ್ಕಳಿಗೂ ಅವನನ್ನೇ ನಂಬಿದ ತಂದೆತಾಯಿಗಳಿಗೂ ಅದರಲ್ಲಿ ಚಿಕಿತ್ಸೆಯಿದೆ. ಇದಕ್ಕೆ ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲಾಯಿಯಲ್ಲಿ ಕಾರ್ಮಿಕನ ವಂತಿಗೆಯನ್ನು ನೂರಕ್ಕೆ ಮುಕ್ಕಾಲು ರೂಪಾಯಿಗೂ ಮಾಲಿಕರದನ್ನು ಮೂರೂಕಾಲು ರೂಪಾಯಿಗೂ ಇಳಿಸಲಾಯಿತು. ಇಷ್ಟಾದರೂ ಎಷ್ಟೋ ಹೋಟೆಲುಗಳಲ್ಲಿ ಹುಡುಗರ ಹೆಸರೇ ರಿಜಿಸ್ಟರಿನಲ್ಲಿಲ್ಲ. ಹೆಸರಿರುವವರಲ್ಲೂ ಊರಿನ ತಾಯಿಯ ಹೆಸರನ್ನು ಬರೆಸಿದವರು ವಿರಳ. ಕುಟುಂಬ ಬೇರೆ ಊರಿನಲ್ಲಿದ್ದರೆ ಅಲ್ಲಿನ ದವಾಖಾನೆಯನ್ನು ಬೇರೆಯಾಗಿ ನಮೂದಿಸುವ ಅನುಕೂಲವಿದೆ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತರಾದವರು ವರ್ಷಕ್ಕೊಂದು ಅಲ್ಪ ಮೊತ್ತ ಕಟ್ಟಿ ದಂಪತಿಗಳಿಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಮಾಲಿಕರು ನಮ್ಮ ಊರಿನವರೇ, ನಮ್ಮ ಜಾತ್ರೆಗೆ ಬರುವವರೇ ಎಂಬ ದಾಕ್ಷಿಣ್ಯದಿಂದ ಈ ಹಕ್ಕನ್ನು ಕೇಳದೆ ಉಳಿದವರು ನಮ್ಮಲ್ಲಿ ಬಹಳ. ಆ ದಾಕ್ಷಿಣ್ಯದ ಸಾಲವನ್ನು ತೀರಿಸುತ್ತಿರುವವರು ಊರಿನಲ್ಲಿರುವ ತಾಯಂದಿರು.

ಅಂಗಳದಲ್ಲಿ ಬಿದ್ದ ಆ ತಾಯಿಯವರು ಬದುಕಿದ್ದಾರೆ. ಶಸ್ತ್ರಕ್ರಿಯೆಯಾಯಿತು, ವರ್ಷಕ್ಕೊಮ್ಮೆಯ ಔಷಧದ ಮೊದಲನೆಯದನ್ನು ಕೊಡಲಾಗಿದೆ, ಕೋಲು ಹಿಡಿದು ಹಟ್ಟಿಯವರೆಗೆ ಹೋಗಿ ದನವನ್ನು ನೋಡಿ ಬರುತ್ತಾರೆ. ಮಗ ಇಲ್ಲಿಂದ ಫೋನು ಮಾಡಿದಾಗಲೆಲ್ಲ ಊಟದ ಸಂಗಡ ಹಾಲು ಕುಡಿದಿರಾ ಎಂದು ಕೇಳುತ್ತಾರೆ, ಅವರು ಕುಡಿದೆ ಎನ್ನುತ್ತಾರೆ. ಅದು ನಿಜವೋ ಅಲ್ಲವೋ ಎಂದು ನಮ್ಮ ಸದಸ್ಯರಿಗೆ ಸಂಶಯವೇ. ಈಗ ಸೊಸೆಯನ್ನೂ ಕೇಳತೊಡಗಿದ್ದಾರೆ.

ಸದಸ್ಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಐವತ್ತು ದಾಟಿದ ಯಾರಿಗಾದರೂ ಸಣ್ಣ ಬೀಳುವಿಕೆಯಿಂದ ಮಣಿಕಟ್ಟೋ ಭುಜವೋ ಬೆನ್ನೋ ಮುರಿದು, ಪಟ್ಟಿ ಬಿಚ್ಚಿದ ಮೇಲೆ ಮತ್ತೇನೂ ಪರೀಕ್ಷೆಯಾಗಿರದಿದ್ದರೆ ಅವರ ವಯಸ್ಸನ್ನೂ ಊರನ್ನೂ ಬರೆದು ಸಂಘದ ಕಚೇರಿಗೆ ತಿಳಿಸಿರಿ. ಅವರನ್ನು ಯಾವ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದನ್ನು ವಿಚಾರಿಸಿ ಹೇಳುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಇ.ಎಸ್.ಐ. ಕಾರ್ಡಿಗೆ ತಂದೆತಾಯಿಗಳ ಹೆಸರು ಸೇರಿಸಬೇಕಾದವರು ಕಾಗದಪತ್ರಗಳೊಂದಿಗೆ ಭಾನುವಾರ ಮಧ್ಯಾಹ್ನ, ಊಟದ ಪಾಳಿ ಮುಗಿದ ಮೇಲೆ, ಕಚೇರಿಗೆ ಬಂದರೆ ಫಾರಂ ತುಂಬಿಕೊಡಲಾಗುವುದು.